ಮಬ್ಬಿನ ಚಂದ್ರನ ಚಿತ್ರ: ಕ್ಯಾಸಿನಿಯ ಕಚ್ಚಾ ಕಡತಗಳಿಂದ ಟೈಟನ್ನನ್ನು ಮನೆಯಲ್ಲೇ ರೂಪಿಸುವ ಕ್ರಮ

ಕಾರವಾರದ ಟಾಗೋರ್ ಕಡಲತೀರದಲ್ಲಿ ಫೆಬ್ರವರಿಯ ಬೆಳಿಗ್ಗೆ ನಿಂತು ಪಡುವಣಕ್ಕೆ ದೃಷ್ಟಿ ಹಾಯಿಸಿದರೆ ಕೂರ್ಮಗಡದ ನಡುಗಡ್ಡೆಯ ಹೊರಗೆರೆ ಮಾತ್ರ ಕಣ್ಣಿಗೆ ಸಿಗುತ್ತದೆ, ಅಲ್ಲಿನ ಮರಗಳಾಗಲಿ ಬಂಡೆಗಳಾಗಲಿ ಬಿಡಿಬಿಡಿಯಾಗಿ ಕಾಣುವುದಿಲ್ಲ. ಇನ್ನೂ ಆಚೆಗಿರುವ, ದೀಪಸ್ತಂಭ ಹೊತ್ತ ದೇವಗಡವಂತೂ ಬೆಳ್ಳನೆಯ ಮಬ್ಬಿನಲ್ಲಿ ಕರಗಿಹೋಗಿರುತ್ತದೆ. ನಡುಗಡ್ಡೆ ಅಲ್ಲಿಯೇ ಇದೆ, ಅದರಿಂದ ಹೊರಟ ಬೆಳಕೂ ನಮ್ಮತ್ತ ಬರುತ್ತಿದೆ, ಆದರೆ ನಡುವಿನ ಗಾಳಿಯಲ್ಲಿ ಚದುರಿದ ಬಿಸಿಲು ಅದರ ಮೇಲೊಂದು ಪರದೆ ಎಳೆದಿದೆ. ಶನಿಗ್ರಹದ ಅತಿ ದೊಡ್ಡ ಚಂದ್ರನಾದ ಟೈಟನ್ನಿನ ಚಿತ್ರ ತೆಗೆಯುವವರ ಕಷ್ಟವೂ ಇದೇ ಜಾತಿಯದು, ಪರದೆ ಮಾತ್ರ ಬಹಳ ದಪ್ಪ. ಆ ಪರದೆಯ ಹಿಂದಿರುವ ನೆಲವನ್ನು, ಅಥವಾ ಪರದೆಯನ್ನೇ, ಶನಿಯನ್ನು ಸುತ್ತಿದ ಕ್ಯಾಸಿನಿ ನೌಕೆ ಕಳಿಸಿದ ಕಪ್ಪುಬಿಳುಪು ಚಿತ್ರಗಳಿಂದ ಮನೆಯ ಕಂಪ್ಯೂಟರಿನಲ್ಲಿ ಹೇಗೆ ಬಿಡಿಸಿ ತೋರಿಸಬಹುದು ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸುತ್ತೇನೆ. ಬೇಕಾಗುವ ತಂತ್ರಾಂಶಗಳೆಲ್ಲ ಉಚಿತ, ಚಿತ್ರಗಳೂ ಉಚಿತ; ಬೇಕಾಗಿರುವುದು ಒಂದೆರಡು ವಾರದ ಸಂಜೆಗಳು ಮತ್ತು ಆತುರವಿಲ್ಲದ ಮನಸ್ಸು.

ಕೆಲಸಕ್ಕೆ ಇಳಿಯುವ ಮುನ್ನ ಒಂದು ನಿರ್ಧಾರ ಮಾಡಿಕೊಳ್ಳಲೇಬೇಕು: ನೀವು ತೋರಿಸಹೊರಟಿರುವುದು ಮಬ್ಬನ್ನೋ, ನೆಲವನ್ನೋ? ಒಂದೇ ಚಿತ್ರದಲ್ಲಿ ಎರಡನ್ನೂ ಚೆನ್ನಾಗಿ ತೋರಿಸಲು ಆಗುವುದಿಲ್ಲ. ಯಾವ ಫಿಲ್ಟರಿನ ಚಿತ್ರ ಬೇಕು, ಸೂರ್ಯ ಯಾವ ಕಡೆ ಇರಬೇಕು, ಎಷ್ಟು ದೂರದಿಂದ ತೆಗೆದದ್ದು ಸಾಕು ಎಂಬ ಮುಂದಿನ ಪ್ರತಿಯೊಂದು ಆಯ್ಕೆಯೂ ಈ ಒಂದು ಉತ್ತರವನ್ನು ಅವಲಂಬಿಸಿದೆ. ನಾನು ಮೊದಲ ವರ್ಷವಿಡೀ ಈ ಪ್ರಶ್ನೆ ಕೇಳಿಕೊಳ್ಳದೆ ಸಿಕ್ಕ ಸಿಕ್ಕ ಚಿತ್ರಗಳನ್ನು ಇಳಿಸಿಕೊಂಡೆ. ಅವುಗಳಲ್ಲಿ ಬಹುಪಾಲು ಕೊನೆಗೂ ಉಪಯೋಗಕ್ಕೆ ಬರಲಿಲ್ಲ.

ಪರದೆಯ ಸ್ವಭಾವ

ಟೈಟನ್ನನ್ನು 1655ರ ಮಾರ್ಚ್ 25ರಂದು ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ ಕಂಡುಹಿಡಿದರು. ಅದರ ಸುತ್ತ ವಾತಾವರಣವಿದೆ, ಅದರಲ್ಲಿ ಮೀಥೇನ್ ಇದೆ ಎಂದು 1944ರಲ್ಲಿ ಜೆರಾರ್ಡ್ ಕೈಪರ್ ತೋರಿಸಿಕೊಟ್ಟರು. 5,150 ಕಿಲೋಮೀಟರ್ ವ್ಯಾಸದ ಈ ಚಂದ್ರ ಬುಧಗ್ರಹಕ್ಕಿಂತಲೂ ದೊಡ್ಡದು. ಅದರ ನೆಲದ ಮೇಲಿನ ಗಾಳಿಯ ಒತ್ತಡ ನಮ್ಮ ಕಡಲತೀರದ ಒತ್ತಡದ ಸುಮಾರು ಒಂದೂವರೆ ಪಟ್ಟು, ಉಷ್ಣತೆ ಮೈನಸ್ 179 ಡಿಗ್ರಿ ಸೆಲ್ಸಿಯಸ್ ಆಸುಪಾಸು. 1980ರ ನವೆಂಬರ್ 12ರಂದು ವಾಯೇಜರ್ 1 ನೌಕೆ ಟೈಟನ್ನಿನ ತೀರ ಹತ್ತಿರದಿಂದ ಹಾದುಹೋದಾಗ ಎಲ್ಲರೂ ನೆಲ ಕಾಣುವ ನಿರೀಕ್ಷೆಯಲ್ಲಿದ್ದರು, ಆದರೆ ಬಂದ ಚಿತ್ರಗಳಲ್ಲಿ ಇದ್ದದ್ದು ಕಿತ್ತಳೆ ಬಣ್ಣದ ನುಣುಪಾದ ಒಂದು ಚೆಂಡು ಮಾತ್ರ, ಏಕೆಂದರೆ ಆ ನೌಕೆಯ ಕ್ಯಾಮೆರಾ ಅವಕೆಂಪು ಬೆಳಕನ್ನು, ಎಂದರೆ ಕೆಂಪಿಗಿಂತ ಉದ್ದ ಅಲೆಯ, ಕಣ್ಣಿಗೆ ಕಾಣದ ಬೆಳಕನ್ನು, ಹಿಡಿಯುವಂಥದಾಗಿರಲಿಲ್ಲ.

ಆ ಕಿತ್ತಳೆ ಬಣ್ಣ ಬಂದದ್ದು ಮೇಲ್ವಾತಾವರಣದ ರಾಸಾಯನಿಕ ಕ್ರಿಯೆಯಿಂದ. ಸೂರ್ಯನ ನೇರಳಾತೀತ ಕಿರಣಗಳೂ ಶನಿಯ ಕಾಂತವಲಯದ ಕಣಗಳೂ ಅಲ್ಲಿನ ನೈಟ್ರೋಜನ್ ಮತ್ತು ಮೀಥೇನ್ ಅಣುಗಳನ್ನು ಒಡೆಯುತ್ತವೆ, ಒಡೆದ ಚೂರುಗಳು ಮತ್ತೆ ಮತ್ತೆ ಕೂಡಿಕೊಂಡು ದೊಡ್ಡ ಸಾವಯವ ಅಣುಗಳಾಗಿ ನಿಧಾನವಾಗಿ ಕೆಳಗಿಳಿಯುತ್ತವೆ. ಇಂಥ ವಸ್ತುವನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ಕಾರ್ಲ್ ಸೇಗನ್ ಮತ್ತು ಭಾರತ ಮೂಲದ ಬಿಷುನ್ ಖರೆ 1979ರಲ್ಲಿ ಅದಕ್ಕೆ ಥೋಲಿನ್ ಎಂಬ ಹೆಸರಿಟ್ಟರು. ಅದು ನೀಲಿ ಬೆಳಕನ್ನು ಹೀರಿಕೊಂಡು ಕೆಂಪನ್ನು ಹಿಂದಕ್ಕೆ ಕಳಿಸುತ್ತದೆ.

ಈ ಮಬ್ಬನ್ನು ಅವಕೆಂಪು ಬೆಳಕು ದಾಟಬಲ್ಲದು, ಕಣ್ಣಿಗೆ ಕಾಣುವ ಬೆಳಕು ದಾಟಲಾರದು ಎಂಬುದನ್ನು ಓದಿ ಒಪ್ಪಿಕೊಳ್ಳುವುದಕ್ಕಿಂತ ನಮ್ಮೂರಿನಲ್ಲೇ ಪರೀಕ್ಷಿಸಿ ನೋಡುವುದು ಒಳ್ಳೆಯದು. ಕಡಲ ಮೇಲೆ ಮಬ್ಬಿರುವ ದಿನ ಮೊಬೈಲಿನಲ್ಲಿ ಕೂರ್ಮಗಡದ ಚಿತ್ರ ತೆಗೆದು, ಗಿಂಪ್ ತಂತ್ರಾಂಶದಲ್ಲಿ ತೆರೆದು, ಡಿಕಂಪೋಸ್ ಆಯ್ಕೆಯಿಂದ ಅದನ್ನು ಕೆಂಪು, ಹಸಿರು, ನೀಲಿ ಎಂಬ ಮೂರು ಕಪ್ಪುಬಿಳುಪು ಚಿತ್ರಗಳಾಗಿ ಬಿಡಿಸಿ. ನೀಲಿಯಲ್ಲಿ ನಡುಗಡ್ಡೆ ಆಕಾಶದೊಂದಿಗೆ ಬೆರೆತಂತಿರುತ್ತದೆ, ಕೆಂಪಿನಲ್ಲಿ ಅದೇ ನಡುಗಡ್ಡೆ ಗಾಢವಾಗಿ, ಅಂಚು ಸ್ಪಷ್ಟವಾಗಿ ನಿಲ್ಲುತ್ತದೆ. ಕಣಗಳು ಬೆಳಕಿನ ಅಲೆಯುದ್ದಕ್ಕಿಂತ ಚಿಕ್ಕವಾಗಿದ್ದಾಗ ಉದ್ದ ಅಲೆಯ ಬೆಳಕು ಕಡಿಮೆ ಚದುರುತ್ತದೆ ಎಂಬುದೇ ಇದರ ಕಾರಣ. ಇದೇ ಪರೀಕ್ಷೆಯನ್ನು ಆಷಾಢದಲ್ಲಿ ಕುಮಟಾದಿಂದ ಶಿರಸಿಗೆ ಹೋಗುವ ದೇವಿಮನೆ ಘಟ್ಟದಲ್ಲಿ, ಹಗಲು ಹೊತ್ತಿನಲ್ಲೇ ಬಸ್ಸುಗಳು ದೀಪ ಹಾಕಿಕೊಂಡು ಬರುವ ಮಂಜಿನಲ್ಲಿ, ಮಾಡಿ ನೋಡಿ: ಕೆಂಪಿನಲ್ಲೂ ನೀಲಿಯಲ್ಲೂ ಒಂದೇ ಬಿಳುಪು, ಏನೂ ವ್ಯತ್ಯಾಸವಿಲ್ಲ. ಘಟ್ಟದ ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡವಾದ್ದರಿಂದ ಎಲ್ಲ ಬಣ್ಣಗಳನ್ನೂ ಸಮನಾಗಿ ಚದುರಿಸುತ್ತವೆ. ಟೈಟನ್ನಿನ ಮಬ್ಬು ಅತಿ ಸಣ್ಣ ಕಣಗಳು ಅಂಟಿಕೊಂಡು ಆದ ಸಡಿಲವಾದ ಗುಚ್ಛಗಳದ್ದು. ಅದು ಶಿರಸಿಯ ಮಂಜಿಗಿಂತ ಕಾರವಾರದ ಮಬ್ಬಿಗೆ ಹತ್ತಿರದ್ದು. ಆದುದರಿಂದಲೇ ಅಲ್ಲಿನ ನೆಲದ ಚಿತ್ರ ನಮಗೆ ದಕ್ಕಿದೆ.

ಆದರೆ ಅವಕೆಂಪಿನಲ್ಲೂ ಎಲ್ಲ ಅಲೆಯುದ್ದಗಳು ಕೆಲಸಕ್ಕೆ ಬರುವುದಿಲ್ಲ. ಮೀಥೇನ್ ಅನಿಲ ಕೆಲವು ಅಲೆಯುದ್ದಗಳನ್ನು ಪೂರ್ತಿ ನುಂಗಿಬಿಡುತ್ತದೆ. 889 ನ್ಯಾನೋಮೀಟರಿನಲ್ಲಿ ತೆಗೆದ ಚಿತ್ರದಲ್ಲಿ ಎತ್ತರದ ಮಬ್ಬು ಮಾತ್ರ ಕಾಣುತ್ತದೆ, ಆಳಕ್ಕಿಳಿದ ಬೆಳಕು ಹಿಂತಿರುಗುವುದೇ ಇಲ್ಲ. ಮೀಥೇನ್ ನುಂಗದ ಕಿಂಡಿಗಳು ಅಲ್ಲಲ್ಲಿ ಇವೆ, ಅವುಗಳಲ್ಲಿ ಕ್ಯಾಸಿನಿಯ ಕ್ಯಾಮೆರಾಗಳಿಗೆ ಎಟುಕುವ ಒಳ್ಳೆಯ ಕಿಂಡಿ 938 ನ್ಯಾನೋಮೀಟರಿನ ಬಳಿ ಇದೆ. ಹಬಲ್ ದೂರದರ್ಶಕ 1994ರಲ್ಲಿ ಭೂಮಿಯ ಸುತ್ತಲಿನ ಕಕ್ಷೆಯಿಂದಲೇ ಟೈಟನ್ನಿನ ನೆಲದ ಬೆಳ್ಳಗಿನ ದೊಡ್ಡ ಪ್ರದೇಶವೊಂದನ್ನು ಗುರುತಿಸಿದ್ದು ಇದೇ ಕಿಂಡಿಯ ಆಸುಪಾಸಿನಲ್ಲಿ. ಆ ಪ್ರದೇಶವನ್ನು ಈಗ ಕ್ಸನಾಡು ಎಂದು ಕರೆಯುತ್ತಾರೆ.

ಕ್ಯಾಮೆರಾವನ್ನು ತಿಳಿದುಕೊಳ್ಳುವುದು

ಕ್ಯಾಸಿನಿ 1997ರ ಅಕ್ಟೋಬರ್ 15ರಂದು ಹೊರಟು, 2004ರ ಜುಲೈ 1ರಂದು ಶನಿಯ ಕಕ್ಷೆ ಸೇರಿ, 2017ರ ಸೆಪ್ಟೆಂಬರ್ 15ರಂದು ಶನಿಯ ವಾತಾವರಣದೊಳಗೆ ಇಳಿದು ಮುಗಿಯಿತು. ಈ ನಡುವೆ ಟೈಟನ್ನಿನ ಹತ್ತಿರದಿಂದ 127 ಸಲ ಹಾದುಹೋಯಿತು. ಅದರಲ್ಲಿ ಎರಡು ಕ್ಯಾಮೆರಾಗಳಿದ್ದವು. ಕಿರುಕೋನದ ಕ್ಯಾಮೆರಾದ ನಾಭಿದೂರ 2,000 ಮಿಲಿಮೀಟರ್, ವಿಶಾಲಕೋನದ್ದು 200 ಮಿಲಿಮೀಟರ್. ಎರಡರಲ್ಲೂ 1,024ಕ್ಕೆ 1,024 ಪಿಕ್ಸೆಲ್‌ಗಳ ಸಂವೇದಕ. ಸಂವೇದಕಕ್ಕೆ ಬಣ್ಣ ಗೊತ್ತಿಲ್ಲ. ಪ್ರತಿ ಕ್ಯಾಮೆರಾದೊಳಗೆ ಸಂವೇದಕದ ಮುಂದೆ, ಆಯ್ದ ಅಲೆಯುದ್ದದ ಬೆಳಕನ್ನು ಮಾತ್ರ ಬಿಡುವ ಫಿಲ್ಟರ್ ತುಂಬಿದ ಎರಡು ಚಕ್ರಗಳು ತಿರುಗುತ್ತಿದ್ದವು, ಒಂದು ಬಣ್ಣಚಿತ್ರಕ್ಕಾಗಿ ಮೂರು ಫಿಲ್ಟರುಗಳಲ್ಲಿ ಮೂರು ಚಿತ್ರಗಳನ್ನು ಒಂದಾದ ಮೇಲೊಂದರಂತೆ ತೆಗೆಯಬೇಕಾಗುತ್ತಿತ್ತು.

ಒಂದು ಲೆಕ್ಕವನ್ನು ನೆನಪಿನಲ್ಲಿಟ್ಟುಕೊಂಡರೆ ಚಿತ್ರ ಆರಿಸುವುದು ಬಹಳ ಸುಲಭವಾಗುತ್ತದೆ. ಕಿರುಕೋನದ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ ಎಂದರೆ ದೂರದ ಹತ್ತು ಲಕ್ಷ ಪಾಲಿನಲ್ಲಿ ಆರು ಪಾಲು. ವಿಶಾಲಕೋನದ್ದರಲ್ಲಿ ಅದರ ಹತ್ತು ಪಟ್ಟು. ನೌಕೆ 10 ಲಕ್ಷ ಕಿಲೋಮೀಟರ್ ದೂರದಲ್ಲಿದ್ದಾಗ ಕಿರುಕೋನದ ಚಿತ್ರದ ಒಂದು ಪಿಕ್ಸೆಲ್ ಟೈಟನ್ನಿನ ಮೇಲಿನ 6 ಕಿಲೋಮೀಟರಿಗೆ ಸಮ, ಎಂದರೆ ಇಡೀ ಗೋಳ ಸುಮಾರು 860 ಪಿಕ್ಸೆಲ್ ಅಗಲವಾಗಿ ಚೌಕಟ್ಟಿನೊಳಗೆ ಹಿಡಿಸುತ್ತದೆ. 1 ಲಕ್ಷ ಕಿಲೋಮೀಟರಿಗೆ ಬಂದಾಗ ಕಿರುಕೋನದ ಚೌಕಟ್ಟಿನಲ್ಲಿ ಸಿಗುವುದು 600 ಕಿಲೋಮೀಟರ್ ಅಗಲದ ಒಂದು ತುಂಡು ಮಾತ್ರ, ಇಡೀ ಗೋಳ ಬೇಕಿದ್ದರೆ ವಿಶಾಲಕೋನದ ಚಿತ್ರವನ್ನೇ ಹುಡುಕಬೇಕು. ಹತ್ತಿರದಿಂದ ತೆಗೆದದ್ದೆಲ್ಲ ಹೆಚ್ಚು ಸ್ಪಷ್ಟ ಎಂಬ ಎಣಿಕೆ ಟೈಟನ್ನಿನ ಮಟ್ಟಿಗೆ ನಿಜವಲ್ಲ. ಒಂದು ಮಿತಿಯ ನಂತರ ಸ್ಪಷ್ಟತೆಯನ್ನು ತಡೆಯುವುದು ಮಬ್ಬು, ಮಸೂರವಲ್ಲ. ಹೊಸಬರಿಗೆ ದೂರದ ಪೂರ್ಣಗೋಳದ ಚಿತ್ರಗಳಿಂದಲೇ ಆರಂಭಿಸಲು ನಾನು ಹೇಳುತ್ತೇನೆ.

ಕಡತಗಳನ್ನು ಆರಿಸುವುದು, ಇಳಿಸುವುದು

ಚಿತ್ರಗಳು ಎರಡು ರೂಪದಲ್ಲಿ ಸಿಗುತ್ತವೆ. ನಾಸಾದ ಕಚ್ಚಾ ಚಿತ್ರಗಳ ಪುಟದಲ್ಲಿರುವ ಜೆಪೆಗ್ ಕಡತಗಳು ನೋಡಿ ಆನಂದಿಸಲು, ಹುಡುಕಲು ಅನುಕೂಲ, ಆದರೆ ಅವುಗಳ ಬೆಳಕಿನ ಅಳತೆಯನ್ನು ನಂಬಿ ಬಣ್ಣ ಕೂಡಿಸುವಂತಿಲ್ಲ. ಗಂಭೀರ ಕೆಲಸಕ್ಕೆ ಗ್ರಹವಿಜ್ಞಾನ ದತ್ತಾಂಶ ಭಂಡಾರದ ಮೂಲ ಕಡತಗಳೇ ಬೇಕು. ಅವುಗಳನ್ನು ಹುಡುಕಲು ಓಪಸ್ ಎಂಬ ಶೋಧನ ಸಾಧನವಿದೆ. ಅದರಲ್ಲಿ ಟೈಟನ್ ಎಂದು ಗುರಿ ಆರಿಸಿ, ಕ್ಯಾಮೆರಾ, ಫಿಲ್ಟರ್, ದೂರ, ಸೂರ್ಯಕೋನ ಇವುಗಳ ಮಿತಿ ಹಾಕಿದರೆ ಸಾವಿರಾರು ಚಿತ್ರಗಳು ಹತ್ತಿಪ್ಪತ್ತಕ್ಕೆ ಇಳಿಯುತ್ತವೆ. ಅಳತೆ ತಿದ್ದಿದ ಕಡತ, ಎಂದರೆ ಕ್ಯಾಮೆರಾದ ದೋಷಗಳನ್ನು ಕಳೆದು ಬಿದ್ದ ಬಿಸಿಲಿನಲ್ಲಿ ಎಷ್ಟು ಪಾಲು ಹಿಂದಿರುಗಿತು ಎಂಬ ಸಂಖ್ಯೆಗೆ ತಂದದ್ದು, ಅಲ್ಲಿಯೇ ಸಿಗುತ್ತದೆ. ಅದನ್ನೇ ಇಳಿಸಿಕೊಳ್ಳಿ, ಜೊತೆಗಿರುವ ಲೇಬಲ್ ಕಡತವನ್ನು ಮರೆಯಬೇಡಿ.

ಸೂರ್ಯಕೋನವೆಂದರೆ ಸೂರ್ಯ, ಟೈಟನ್, ನೌಕೆ ಈ ಮೂರರ ನಡುವಿನ ಕೋನ. ನೆಲ ತೋರಿಸುವುದಾದರೆ ಸೂರ್ಯ ನೌಕೆಯ ಬೆನ್ನ ಹಿಂದಿರುವ, 60 ಡಿಗ್ರಿಗಿಂತ ಕಡಿಮೆ ಕೋನದ ಚಿತ್ರಗಳನ್ನು ಆರಿಸಿ. ಮಬ್ಬಿನ ಪದರಗಳನ್ನು ತೋರಿಸುವುದಾದರೆ ಅದಕ್ಕೆ ತದ್ವಿರುದ್ಧವಾಗಿ ಟೈಟನ್ ನೌಕೆಗೂ ಸೂರ್ಯನಿಗೂ ನಡುವೆ ಬರುವ, 150 ಡಿಗ್ರಿಯ ಆಚೆಗಿನ ಚಿತ್ರಗಳು ಬೇಕು. ಮಬ್ಬಿನ ಕಣಗಳು ಬೆಳಕನ್ನು ಮುಂದಕ್ಕೆ ಚದುರಿಸುವುದೇ ಹೆಚ್ಚು. ಮುಳುಗುವ ಸೂರ್ಯನೆದುರು ಕಡಲ ತುಂತುರು ಹೊಳೆಯುವ ಹಾಗೆ, ಆ ಕೋನದಲ್ಲಿ ಕತ್ತಲ ಗೋಳದ ಸುತ್ತ ಪೂರ್ಣ ವೃತ್ತವಾಗಿ ಒಂದು ಬೆಳಕಿನ ಬಳೆ ಮೂಡುತ್ತದೆ. ಟೈಟನ್ನಿನ ಚಿತ್ರಗಳಲ್ಲಿ ನನಗೆ ಅತ್ಯಂತ ಪ್ರಿಯವಾದವು ಇವೇ.

ಋತುವನ್ನೂ ನೋಡಬೇಕು. ಕ್ಯಾಸಿನಿ ಹೋದಾಗ ಟೈಟನ್ನಿನ ಉತ್ತರಧ್ರುವದಲ್ಲಿ ಚಳಿಗಾಲದ ಕತ್ತಲಿತ್ತು, 2009ರ ಆಗಸ್ಟಿನ ವಿಷುವತ್ತಿನ ನಂತರ ಅಲ್ಲಿಗೆ ಬಿಸಿಲು ಬರತೊಡಗಿತು, 2017ರ ಮೇ ತಿಂಗಳಲ್ಲಿ ಬೇಸಿಗೆಯ ತುದಿ ಮುಟ್ಟಿತು. ಕ್ರಾಕೆನ್, ಲಿಗೀಯ ಎಂಬ ದ್ರವ ಮೀಥೇನಿನ ಸಮುದ್ರಗಳು ಉತ್ತರದಲ್ಲಿರುವುದರಿಂದ ಅವುಗಳ ಚಿತ್ರ ಬೇಕಿದ್ದವರು ಕೊನೆಯ ಕೆಲವು ವರ್ಷಗಳ ಕಡತಗಳನ್ನೇ ನೋಡಬೇಕು.

ಕಡತದ ಹೆಸರಿನಲ್ಲೇ ಒಂದು ಉಪಯುಕ್ತ ಮಾಹಿತಿಯಿದೆ. ಮೊದಲ ಅಕ್ಷರ ಎನ್ ಆಗಿದ್ದರೆ ಕಿರುಕೋನ, ಡಬ್ಲ್ಯು ಆಗಿದ್ದರೆ ವಿಶಾಲಕೋನ. ಅದರ ಮುಂದಿನ ಹತ್ತು ಅಂಕೆಗಳು ನೌಕೆಯ ಗಡಿಯಾರದ ಸೆಕೆಂಡುಗಳ ಎಣಿಕೆ. ಎರಡು ಕಡತಗಳ ಸಂಖ್ಯೆಗಳನ್ನು ಕಳೆದರೆ ಅವುಗಳ ನಡುವೆ ಎಷ್ಟು ಸೆಕೆಂಡು ಕಳೆದಿದೆ ಎಂಬುದು ಗೊತ್ತಾಗುತ್ತದೆ. ಒಟ್ಟಿಗೆ ಬಳಸಬಹುದಾದ ಚಿತ್ರಗಳ ಗುಂಪನ್ನು ಗುರುತಿಸಲು ನಾನು ಇದಕ್ಕಿಂತ ಸರಳವಾದ ಉಪಾಯವನ್ನು ಕಂಡಿಲ್ಲ.

ಅಳತೆ ತಿದ್ದಿದ ಒಂದು ಪೂರ್ಣ ಚಿತ್ರ ಸುಮಾರು 4 ಎಂಬಿ ಇರುತ್ತದೆ, ಹೆಚ್ಚಿನ ಹೊರೆಯೇನಲ್ಲ. ಆದರೂ ನಮ್ಮ ಜಿಲ್ಲೆಯಲ್ಲಿ ಮಳೆಗಾಲದ ಗಾಳಿಗೆ ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋಗುವುದು ಸಾಮಾನ್ಯವಾದ್ದರಿಂದ, ಒಂದು ಗುಂಪಿನ ಎಲ್ಲ ಕಡತಗಳನ್ನೂ ಒಂದೇ ಸಲ ಇಳಿಸಿಕೊಂಡು, ಆಮೇಲೆ ನೆಟ್‌ವರ್ಕಿನ ಹಂಗಿಲ್ಲದೆ ಕೆಲಸ ಮಾಡುವುದು ಸುಖ. ಈ ಕಡತಗಳನ್ನು ಸಾಮಾನ್ಯ ತಂತ್ರಾಂಶಗಳು ತೆರೆಯುವುದಿಲ್ಲ. ಐಎಂಜಿ ಟು ಪಿಎನ್‌ಜಿ ಎಂಬ ಉಚಿತ ಸಾಧನದಿಂದ 16 ಬಿಟ್ ಚಿತ್ರಗಳಾಗಿ ಪರಿವರ್ತಿಸಿಕೊಳ್ಳಬೇಕು. ಪರಿವರ್ತಿಸುವಾಗ ಗುಂಪಿನ ಎಲ್ಲ ಕಡತಗಳಿಗೂ ಒಂದೇ ಬೆಳಕಿನ ಅಳತೆ ಇಡಿ. ಒಂದೊಂದಕ್ಕೂ ಒಂದೊಂದು ಅಳತೆ ಬಿದ್ದರೆ ಮುಂದಿನ ಕೂಡುವ ಕಳೆಯುವ ಲೆಕ್ಕವೆಲ್ಲ ತಪ್ಪುತ್ತದೆ.

ನೆಲವನ್ನು ಹೊರತೆಗೆಯುವುದು

938 ನ್ಯಾನೋಮೀಟರಿನ ಫಿಲ್ಟರಿಗೆ ಸಿಬಿ3 ಎಂದು ಹೆಸರು. ಈ ಫಿಲ್ಟರಿನಲ್ಲಿ ಕೆಲವೇ ನಿಮಿಷಗಳ ಅಂತರದಲ್ಲಿ ತೆಗೆದ ನಾಲ್ಕಾರು ಚಿತ್ರಗಳನ್ನೂ, ಅದೇ ಹೊತ್ತಿನಲ್ಲಿ 619 ನ್ಯಾನೋಮೀಟರಿನ ಎಂಟಿ1 ಫಿಲ್ಟರಿನಲ್ಲಿ ತೆಗೆದ ಒಂದನ್ನೋ ಎರಡನ್ನೋ ಆರಿಸಿಕೊಳ್ಳಿ. ಮೊದಲನೆಯದರಲ್ಲಿ ನೆಲದ ಬೆಳಕೂ ಮಬ್ಬಿನ ಬೆಳಕೂ ಬೆರೆತಿವೆ, ಎರಡನೆಯದರಲ್ಲಿ ಇರುವುದು ಮಬ್ಬಿನ ಬೆಳಕು ಮಾತ್ರ. ಮೊದಲನೆಯದರಿಂದ ಎರಡನೆಯದನ್ನು ತಕ್ಕ ಪ್ರಮಾಣದಲ್ಲಿ ಕಳೆದರೆ ಉಳಿಯುವುದು ನೆಲ. ಕ್ಯಾಸಿನಿಯ ಚಿತ್ರತಂಡ ಪ್ರಕಟಿಸಿದ ನೆಲದ ಚಿತ್ರಗಳಲ್ಲಿ ಬಹಳಷ್ಟು ಹೀಗೆಯೇ ತಯಾರಾದವು. ಹೇಳಲು ಒಂದೇ ಸಾಲಿನ ಈ ಕ್ರಿಯೆಯನ್ನು ಸರಿಯಾಗಿ ಮಾಡಲು ನನಗೆ ಎರಡು ಮಳೆಗಾಲ ಹಿಡಿಯಿತು, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ಇದಕ್ಕೆ ಗಿಂಪ್‌ಗಿಂತ ಇಮೇಜ್‌ಜೆ ಎಂಬ ತಂತ್ರಾಂಶ ಒಳ್ಳೆಯದು, ಅದು ಬೆಳಕನ್ನು ಸಂಖ್ಯೆಯಾಗಿಯೇ ಉಳಿಸಿಕೊಳ್ಳುತ್ತದೆ. ಕೆಲವು ಚಿತ್ರಗಳು 512 ಪಿಕ್ಸೆಲ್‌ನವು ಇರಬಹುದು, ಬೆಳಕು ಕಡಿಮೆಯಿದ್ದಾಗ ನೌಕೆ ನಾಲ್ಕು ಪಿಕ್ಸೆಲ್‌ಗಳನ್ನು ಒಂದಾಗಿ ಕೂಡಿಸುತ್ತಿತ್ತು. ಅವನ್ನು ಮೊದಲು ಎರಡು ಪಟ್ಟು ಹಿಗ್ಗಿಸಿ ಎಲ್ಲವನ್ನೂ ಒಂದೇ ಗಾತ್ರಕ್ಕೆ ತನ್ನಿ. ಆಮೇಲೆ ಸಿಬಿ3ರ ಚಿತ್ರಗಳನ್ನು ಗೋಳದ ಕೇಂದ್ರ ಒಂದೇ ಕಡೆ ಬರುವಂತೆ ಸರಿಸಿ, ಒಂದರ ಮೇಲೊಂದು ಪೇರಿಸಿ ಸ್ಟ್ಯಾಕ್ ಮಾಡಿ, ಪ್ರತಿ ಪಿಕ್ಸೆಲಿಗೂ ಮಧ್ಯದ ಬೆಲೆಯನ್ನು ಆರಿಸುವ ಮೀಡಿಯನ್ ಆಯ್ಕೆಯಿಂದ ಒಂದೇ ಚಿತ್ರವಾಗಿಸಿ. ಕಾಸ್ಮಿಕ್ ಕಿರಣಗಳು ಸಂವೇದಕಕ್ಕೆ ಬಡಿದು ಮೂಡಿದ ಬಿಳಿ ಚುಕ್ಕೆಗಳು ಒಂದು ಚಿತ್ರದಲ್ಲಿದ್ದಲ್ಲಿ ಇನ್ನೊಂದರಲ್ಲಿ ಇರುವುದಿಲ್ಲವಾದ್ದರಿಂದ ಅವೆಲ್ಲ ಈ ಒಂದೇ ಹೆಜ್ಜೆಯಲ್ಲಿ ಮಾಯವಾಗುತ್ತವೆ. ಗರಸು, ಎಂದರೆ ಚಿತ್ರದ ತುಂಬ ಕಾಣುವ ಕಾಳುಕಾಳು ಏರಿಳಿತ, ಕೂಡ ಇಳಿಯುತ್ತದೆ: ಸರಾಸರಿ ತೆಗೆದರೆ ನಾಲ್ಕು ಚಿತ್ರಗಳಿಗೆ ಗರಸು ಅರ್ಧವಾಗುತ್ತದೆ, ಒಂಬತ್ತಕ್ಕೆ ಮೂರನೆಯ ಒಂದು ಭಾಗವಾಗುತ್ತದೆ, ಮೀಡಿಯನ್‌ನಲ್ಲಿ ಲಾಭ ಅದಕ್ಕಿಂತ ತುಸು ಕಡಿಮೆ.

ಈಗ ಕಳೆಯುವ ಪ್ರಮಾಣವನ್ನು ಕಂಡುಕೊಳ್ಳಬೇಕು. ಗೋಳದ ಬೆಳಗಿದ ಅಂಚಿನಿಂದ ಕತ್ತಲ ಅಂಚಿಗೆ ಒಂದು ಗೆರೆ ಎಳೆದು, ಆ ಗೆರೆಯುದ್ದಕ್ಕೂ ಬೆಳಕು ಹೇಗೆ ಏರಿಳಿಯುತ್ತದೆ ಎಂಬ ರೇಖಾಚಿತ್ರವನ್ನು ಪ್ಲಾಟ್ ಪ್ರೊಫೈಲ್ ಆಯ್ಕೆಯಿಂದ ತೆರೆಯಿರಿ. ಸಿಬಿ3ರ ರೇಖೆ ದೊಡ್ಡದೊಂದು ದಿಬ್ಬದಂತಿದ್ದು, ಅದರ ನೆತ್ತಿಯ ಮೇಲೆ ಸಣ್ಣ ಸಣ್ಣ ತಗ್ಗುಗಳು ಕಾಣುತ್ತವೆ. ಎಂಟಿ1ರ ರೇಖೆ ಬರೀ ನುಣುಪಾದ ದಿಬ್ಬ. ದಿಬ್ಬ ಮಬ್ಬಿನದು, ತಗ್ಗುಗಳು ನೆಲದವು. ಎಂಟಿ1ರ ಚಿತ್ರವನ್ನು 0.5, 0.6, 0.7 ಹೀಗೆ ಬೇರೆ ಬೇರೆ ಸಂಖ್ಯೆಗಳಿಂದ ಗುಣಿಸಿ, ಇಮೇಜ್ ಕ್ಯಾಲ್ಕ್ಯುಲೇಟರಿನಲ್ಲಿ ಸಿಬಿ3ರಿಂದ ಕಳೆದು, ಪ್ರತಿ ಸಲವೂ ಅದೇ ಗೆರೆಯ ರೇಖಾಚಿತ್ರ ನೋಡಿ. ಸಂಖ್ಯೆ ಕಡಿಮೆಯಾದರೆ ದಿಬ್ಬ ಇನ್ನೂ ಉಳಿದಿರುತ್ತದೆ, ಹೆಚ್ಚಾದರೆ ದಿಬ್ಬವಿದ್ದಲ್ಲಿ ಹಳ್ಳ ಬೀಳುತ್ತದೆ. ದಿಬ್ಬ ಸಮತಟ್ಟಾಗಿ, ತಗ್ಗುಗಳು ಮಾತ್ರ ಉಳಿಯುವ ಸಂಖ್ಯೆ ನಿಮ್ಮ ಗುಂಪಿಗೆ ಸರಿಯಾದದ್ದು; ಅದು ಸೂರ್ಯಕೋನದೊಂದಿಗೆ ಬದಲಾಗುವುದರಿಂದ ಒಂದು ಗುಂಪಿನ ಸಂಖ್ಯೆಯನ್ನು ಇನ್ನೊಂದಕ್ಕೆ ಹಾಕಬಾರದು. ಕಳೆದ ಮೇಲೆ ಉಳಿದ ಬೆಳಕನ್ನು ಕಪ್ಪಿನಿಂದ ಬಿಳುಪಿನವರೆಗೆ ಹಿಗ್ಗಿಸಿದಾಗ, ಅಷ್ಟು ಹೊತ್ತು ಬೋಳಾಗಿದ್ದ ಗೋಳದ ಮೇಲೆ ಶಾಂಗ್ರಿ ಲಾದ ಕಪ್ಪು ಬಯಲು, ಅದರ ಪಕ್ಕಕ್ಕೆ ಕ್ಸನಾಡುವಿನ ಬಿಳಿ ನೆಲ ನಿಧಾನವಾಗಿ ಎದ್ದು ಬರುತ್ತವೆ. ಕಪ್ಪು ಪಟ್ಟಿಗಳು ಸಾವಯವ ಮರಳಿನ ದಿಣ್ಣೆಗಳಿಂದ ತುಂಬಿದ ಪ್ರದೇಶಗಳೆಂದು ಕ್ಯಾಸಿನಿಯ ರೇಡಾರ್ ಆಮೇಲೆ ತೋರಿಸಿತು.

ಇಲ್ಲಿಗೆ ನಿಲ್ಲಿಸಬೇಕೆನಿಸುವುದಿಲ್ಲ, ಇನ್ನಷ್ಟು ಚೂಪು ಮಾಡುವ ಆಸೆ ಸಹಜವಾಗಿ ಹುಟ್ಟುತ್ತದೆ. ಅನ್‌ಶಾರ್ಪ್ ಮಾಸ್ಕ್ ಸ್ವಲ್ಪ ಬಳಸಬಹುದು, ಏಕೆಂದರೆ ಮಬ್ಬು ನೆಲದ ಅಂಚುಗಳನ್ನು ನಿಜವಾಗಿಯೂ ಹರಡಿಸಿದೆ. ಆದರೆ ಬಿಳಿ ಪ್ರದೇಶದ ಸುತ್ತ ಕಪ್ಪು ಅಂಚು ಮೂಡಿತೆಂದರೆ ಮಿತಿ ದಾಟಿತೆಂದು ತಿಳಿಯಿರಿ. ಚೂಪು ಮಾಡಿದ ಮೇಲಷ್ಟೇ ಕಾಣಿಸಿಕೊಂಡ ಯಾವ ಗುರುತನ್ನೂ, ಬೇರೆ ದಿನ ತೆಗೆದ ಇನ್ನೊಂದು ಗುಂಪಿನ ಚಿತ್ರದಲ್ಲಿ ಅದು ಅದೇ ಸ್ಥಳದಲ್ಲಿ ಸಿಗುವವರೆಗೆ, ನೆಲದ ಗುರುತೆಂದು ನಾನು ಒಪ್ಪುವುದಿಲ್ಲ.

ಈ ಕಟ್ಟುನಿಟ್ಟಿಗೆ ಕಾರಣವಿದೆ. ಒಮ್ಮೆ ನನ್ನ ಚಿತ್ರದಲ್ಲಿ ಅಚ್ಚುಕಟ್ಟಾದ ಒಂದು ಸಣ್ಣ ಉಂಗುರ ಕಂಡಿತು. ಉಲ್ಕಾಕುಳಿಯೇ ಇರಬೇಕೆಂದು ನಂಬಿ, ಅದನ್ನು ಗುರುತು ಮಾಡಿ ಗೆಳೆಯರಿಗೂ ಕಳಿಸಿದ್ದೆ. ವಾರದ ನಂತರ ಅದೇ ಗುಂಪಿನ ಕಚ್ಚಾ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಾಗ ಟೈಟನ್ ಚೌಕಟ್ಟಿನಲ್ಲಿ ಸರಿದಿತ್ತು, ಉಂಗುರ ಮಾತ್ರ ಸರಿಯದೆ ಅದೇ ಪಿಕ್ಸೆಲಿನಲ್ಲಿ ಕುಳಿತಿತ್ತು. ಅದು ಕ್ಯಾಮೆರಾದೊಳಗಿನ ಧೂಳಿನ ಕಣದ ನೆರಳು. ಕಳಿಸಿದವರಿಗೆಲ್ಲ ತಿದ್ದುಪಡಿ ಬರೆದೆ. ಅಂದಿನಿಂದ ಪ್ರತಿ ಹೊಸ ಗುರುತಿಗೂ ಇದೇ ಪರೀಕ್ಷೆ ಮಾಡುತ್ತೇನೆ: ಟೈಟನ್ನಿನ ಜೊತೆಗೆ ಸರಿದರೆ ಅದು ಟೈಟನ್ನಿನದು, ಚೌಕಟ್ಟಿಗೆ ಅಂಟಿಕೊಂಡಿದ್ದರೆ ಕ್ಯಾಮೆರಾದ್ದು. ಜೊತೆಗೆ ಸರಿದರೂ ಕೆಲವೇ ಗಂಟೆಗಳಲ್ಲಿ ಆಕಾರ ಬದಲಿಸುವ ಬಿಳಿ ಗುರುತಾದರೆ ಅದು ಮೀಥೇನಿನ ಮೋಡ. 2010ರ ಸೆಪ್ಟೆಂಬರಿನಲ್ಲಿ ಸಮಭಾಜಕದ ಬಳಿ ಬಾಣದ ಆಕಾರದ ದೊಡ್ಡ ಮೋಡವನ್ನೇ ಕ್ಯಾಸಿನಿ ಹಿಡಿದಿದೆ.

ಬಣ್ಣ ಮತ್ತು ಅಂಚಿನ ನೀಲಿ

ಕಣ್ಣಿಗೆ ಕಂಡಂತೆ ಬಣ್ಣಚಿತ್ರ ಮಾಡಲು 650 ನ್ಯಾನೋಮೀಟರಿನ ಕೆಂಪು, 568ರ ಹಸಿರು, 451ರ ನೀಲಿ ಫಿಲ್ಟರುಗಳ ಚಿತ್ರಗಳನ್ನು ಗಿಂಪ್‌ನ ಕಂಪೋಸ್ ಆಯ್ಕೆಯಲ್ಲಿ ಆಯಾ ಬಣ್ಣಕ್ಕೆ ಹಾಕಬೇಕು. ಅಳತೆ ತಿದ್ದಿದ ಕಡತಗಳನ್ನೇ ಬಳಸಿದ್ದರೆ ಹಳದಿ ಬೆರೆತ ಕಿತ್ತಳೆ ತಾನಾಗಿಯೇ ಬರುತ್ತದೆ. ಆಟೋ ವೈಟ್ ಬ್ಯಾಲೆನ್ಸ್ ಗುಂಡಿಯನ್ನು ದಯವಿಟ್ಟು ಮುಟ್ಟಬೇಡಿ. ಚಿತ್ರದಲ್ಲಿ ಬಿಳಿಯ ವಸ್ತು ಇದ್ದೇ ಇರಬೇಕೆಂದು ಭಾವಿಸುವ ಆ ಲೆಕ್ಕ, ಟೈಟನ್ನಿನ ನಿಜವಾದ ಬಣ್ಣವನ್ನೇ ದೋಷವೆಂದು ಎಣಿಸಿ ಅದನ್ನು ಬೂದು ಮಾಡಿಬಿಡುತ್ತದೆ.

ಮೂರು ಚಿತ್ರಗಳನ್ನು ಹೊಂದಿಸುವಲ್ಲಿ ಹೆಚ್ಚಿನವರು ಎಡವುವ ಜಾಗ ಒಂದಿದೆ. ನೌಕೆ ಟೈಟನ್ನಿನ ಬಳಿ ಹಾಯುವಾಗ ಅದರ ವೇಗ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್. 1 ಲಕ್ಷ ಕಿಲೋಮೀಟರ್ ದೂರದಿಂದ ನೇರವಾಗಿ ಹತ್ತಿರ ಬರುತ್ತಿದ್ದು, ಎರಡು ಚಿತ್ರಗಳ ನಡುವೆ ಒಂದು ನಿಮಿಷ ಕಳೆದಿದ್ದರೆ, ನೌಕೆ 360 ಕಿಲೋಮೀಟರ್ ಸಾಗಿರುತ್ತದೆ, ಗೋಳ ಮೂರು ಪಿಕ್ಸೆಲ್‌ನಷ್ಟು ಹಿಗ್ಗಿರುತ್ತದೆ. ಆದುದರಿಂದ ಗಾತ್ರ ಹೊಂದಿಸಲೇಬೇಕು. ಆದರೆ ನೀಲಿ ಚಿತ್ರದ ಗೋಳ ಕೆಂಪಿನದಕ್ಕಿಂತ ದೊಡ್ಡದಾಗಿ ಕಾಣುವುದಕ್ಕೆ ಇನ್ನೊಂದು ನಿಜವಾದ ಕಾರಣವೂ ಇದೆ: ಚಿಕ್ಕ ಅಲೆಯ ಬೆಳಕು ಮಬ್ಬಿನಲ್ಲಿ ಹೆಚ್ಚು ಎತ್ತರದಿಂದಲೇ ಚದುರುತ್ತದೆ. ನೇರಳಾತೀತದಲ್ಲಂತೂ ಮುಖ್ಯ ಮಬ್ಬಿನಿಂದ ಬೇರ್ಪಟ್ಟು ನಿಂತ ಇನ್ನೊಂದು ತೆಳು ಪದರ ಸ್ಪಷ್ಟವಾಗಿ ಕಾಣುತ್ತದೆ. ಕ್ಯಾಸಿನಿಯ ಮೊದಲ ವರ್ಷಗಳಲ್ಲಿ ಅದು ನೆಲದಿಂದ ಸುಮಾರು 500 ಕಿಲೋಮೀಟರ್ ಎತ್ತರದಲ್ಲಿತ್ತು, ವಿಷುವತ್ತಿನ ಆಸುಪಾಸಿನಲ್ಲಿ 380 ಕಿಲೋಮೀಟರಿನವರೆಗೆ ಇಳಿಯಿತು. ಅಂಚಿಗೆ ಅಂಚು ಕೂಡುವಂತೆ ಚಿತ್ರಗಳನ್ನು ಎಳೆದು ಹೊಂದಿಸಿದರೆ ಗೋಳವನ್ನು ಸುತ್ತುವ ಆ ನೀಲಿ ನೇರಳೆ ಎಳೆಯನ್ನು ನಿಮ್ಮ ಕೈಯಾರೆ ಅಳಿಸಿದಂತಾಗುತ್ತದೆ. ಸರಿಯಾದ ಕ್ರಮವೆಂದರೆ, ಪ್ರತಿ ಚಿತ್ರಕ್ಕೂ ಓಪಸ್ ಕೊಡುವ ದೂರದಿಂದ ಗಾತ್ರದ ಅನುಪಾತವನ್ನು ಲೆಕ್ಕ ಹಾಕಿ ಅಷ್ಟೇ ಹಿಗ್ಗಿಸಿ ಅಥವಾ ಕುಗ್ಗಿಸಿ, ಆಮೇಲೆ ಕೇಂದ್ರಕ್ಕೆ ಕೇಂದ್ರ ಕೂಡಿಸುವುದು. ಹಾಗೆ ಮಾಡಿದ ಮೇಲೆ ನೀಲಿ ಎಳೆ ಗೋಳದ ಬೆಳಗಿದ ಅಂಚಿನುದ್ದಕ್ಕೂ ಸಮನಾಗಿ ಬಂದರೆ ಅದು ನಿಜ. ಒಂದು ಮಗ್ಗುಲಿಗೆ ನೀಲಿ, ಎದುರು ಮಗ್ಗುಲಿಗೆ ಕೆಂಪು ಬಂದರೆ ಕೇಂದ್ರ ತಪ್ಪಿದೆ.

ಮಬ್ಬು, ನೆಲ ಎರಡರ ಸುಳಿವನ್ನೂ ಒಂದೇ ಕಡೆ ಕೊಡುವ ಒಂದು ಕೃತಕ ಬಣ್ಣದ ಕ್ರಮವೂ ಪ್ರಸಿದ್ಧವಾಗಿದೆ. ವಿಶಾಲಕೋನದ ಕ್ಯಾಮೆರಾದ 889 ನ್ಯಾನೋಮೀಟರಿನ ಚಿತ್ರವನ್ನು ಕೆಂಪಿಗೆ, 938ರದ್ದನ್ನು ಹಸಿರಿಗೆ, 420ರ ನೇರಳೆಯನ್ನು ನೀಲಿಗೆ ಹಾಕಿ. ನೆಲದವರೆಗೆ ನೋಟ ಇಳಿದ ಕಡೆ ಹಸಿರು, ಎತ್ತರದ ಮಬ್ಬು ಬೆಳಕನ್ನು ಹಿಂದಿರುಗಿಸಿದ ಕಡೆ ಕೆಂಪು, ಅಂಚಿನ ತೆಳು ಪದರದಲ್ಲಿ ನೀಲಿ ಬರುತ್ತದೆ. ಎರಡನ್ನೂ ಚೆನ್ನಾಗಿ ತೋರಿಸಲಾಗದು ಎಂದು ಆರಂಭದಲ್ಲಿ ಹೇಳಿದ ಮಾತು ಇಲ್ಲಿಯೂ ನಿಲ್ಲುತ್ತದೆ, ನೆಲದ ವಿವರ ಈ ಚಿತ್ರದಲ್ಲಿ ಮಂಕಾಗಿಯೇ ಇರುತ್ತದೆ. ಆದರೂ ಮಕ್ಕಳಿಗೆ ಪರದೆ ಯಾವುದು, ಪರದೆಯ ಹಿಂದಿನದು ಯಾವುದು ಎಂದು ತೋರಿಸಲು ನಾನು ಇದನ್ನೇ ಬಳಸುತ್ತೇನೆ. ಇದು ಕಣ್ಣಿಗೆ ಕಾಣುವ ಬಣ್ಣವಲ್ಲ ಎಂಬ ಮಾತನ್ನು ಚಿತ್ರದ ಕೆಳಗೆ ಬರೆಯಲೇಬೇಕು.

ಉಳಿಸುವುದು, ಅಚ್ಚು ಹಾಕಿಸುವುದು

ಮುಗಿದ ಚಿತ್ರದ ಜೊತೆಗೆ ಒಂದು ಪಠ್ಯ ಕಡತದಲ್ಲಿ ಬಳಸಿದ ಎಲ್ಲ ಮೂಲ ಕಡತಗಳ ಹೆಸರು, ದಿನಾಂಕ, ಫಿಲ್ಟರ್, ದೂರ, ಸೂರ್ಯಕೋನ, ಕಳೆದ ಪ್ರಮಾಣದ ಸಂಖ್ಯೆ, ಉತ್ತರ ದಿಕ್ಕು ಯಾವ ಕಡೆಗಿದೆ ಎಂಬುದನ್ನು ಬರೆದಿಡಿ. ನೌಕೆ ಯಾವ ಭಂಗಿಯಲ್ಲಾದರೂ ತಿರುಗಿರಬಹುದಾದ್ದರಿಂದ ಕಚ್ಚಾ ಚಿತ್ರದ ಮೇಲ್ಭಾಗವೇ ಉತ್ತರವೆಂದು ಭಾವಿಸುವಂತಿಲ್ಲ. ಆರು ತಿಂಗಳ ನಂತರ ಅದೇ ಚಿತ್ರವನ್ನು ಇನ್ನಷ್ಟು ಚೆನ್ನಾಗಿ ಮಾಡಬಹುದೆನಿಸಿದಾಗ ಈ ಒಂದು ಪುಟ ಎಷ್ಟು ಬೆಲೆಬಾಳುತ್ತದೆಂದು ಆಗ ತಿಳಿಯುತ್ತದೆ. ಕೊನೆಯ ಪ್ರತಿಯನ್ನು 16 ಬಿಟ್ ಟಿಫ್ ಆಗಿ ಉಳಿಸಿ, ಹಂಚಲು ಬೇಕಾದಾಗ ಮಾತ್ರ ಜೆಪೆಗ್ ಮಾಡಿ.

ಅಚ್ಚು ಹಾಕಿಸುವಾಗ ಸ್ಟುಡಿಯೋದವರ ಬಳಿ ನಿಂತು ಎರಡು ಮಾತು ಹೇಳಬೇಕು. ಅವರ ಯಂತ್ರ ಮದುವೆಯ ಚಿತ್ರಗಳಲ್ಲಿ ಮುಖದ ಬಣ್ಣ ಸರಿಪಡಿಸಲು ಹೊಂದಿಸಿದ್ದು. ಆಟೋ ಕರೆಕ್ಷನ್ ತೆಗೆಯದಿದ್ದರೆ, ನೀವು ಅಷ್ಟು ಶ್ರಮದಿಂದ ಉಳಿಸಿಕೊಂಡ ಕಿತ್ತಳೆಯನ್ನು ಅದು ತಿಳಿಗೊಳಿಸುತ್ತದೆ, ಕತ್ತಲ ಆಕಾಶವನ್ನು ಬೂದು ಮಾಡುತ್ತದೆ. ತಿದ್ದುಪಡಿ ಬೇಡ, ಇದ್ದದ್ದು ಇದ್ದ ಹಾಗೆ ಬರಲಿ ಎಂದು ಹೇಳಿ, ಮೊದಲು ಅಂಗೈಯಗಲದ ಒಂದು ಪ್ರತಿ ತೆಗೆಸಿ, ಹೊರಗೆ ಹಗಲ ಬೆಳಕಿನಲ್ಲಿ ಹಿಡಿದು ಆ ನೀಲಿ ಎಳೆ ಉಳಿದಿದೆಯೇ ಎಂದು ನೋಡಿ, ಆಮೇಲೆ ದೊಡ್ಡ ಪ್ರತಿಗೆ ಹೇಳಿ. ಹೊಳಪಿಲ್ಲದ ಮ್ಯಾಟ್ ಕಾಗದ ಕತ್ತಲ ಭಾಗಗಳಿಗೆ ಒಳ್ಳೆಯದು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಗೋಡೆಗೆ ಒತ್ತಿ ಹಾಕಿದ ಪಟದ ಹಿಂದೆ ತೇವ ಸೇರಿ ಬೂಷ್ಟು ಹಿಡಿಯುತ್ತದೆ, ಆದ್ದರಿಂದ ಚೌಕಟ್ಟಿನ ಹಿಂಬದಿಯ ನಾಲ್ಕು ಮೂಲೆಗಳಿಗೂ ಸಣ್ಣ ಮರದ ಬಿಲ್ಲೆ ಅಂಟಿಸಿ, ಗೋಡೆಗೂ ಪಟಕ್ಕೂ ನಡುವೆ ಗಾಳಿಯಾಡುವಷ್ಟು ಜಾಗ ಬಿಟ್ಟು ತೂಗುಹಾಕಿ.